ಅತ್ತಿಗೆಯ ಹದಿನಾಲ್ಕು ದಿನ

ನನ್ನ ಅತ್ತಿಗೆ ಇಪ್ಪತ್ತೆರಡು ವರ್ಷ ಆಸ್ಪತ್ರೆಯೊಂದರಲ್ಲಿ ಹಾಜರಿ ಪುಸ್ತಕ ನೋಡಿಕೊಳ್ಳುವ ಗುಮಾಸ್ತೆಯಾಗಿದ್ದರು. ಯಾವ ನರ್ಸು ಎಷ್ಟು ಹೊತ್ತಿಗೆ ಬಂದಳು, ಯಾವ ಡಾಕ್ಟರು ಯಾವ ನೆಪ ಹೇಳಿ ಮನೆಗೆ ಹೋದರು, ಎಲ್ಲವೂ ಅವರ ಬೆರಳ ತುದಿಯಲ್ಲಿತ್ತು. ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಆ ಕೆಲಸ ಬಿಟ್ಟು, ನಾನು ಪಿಎಚ್.ಡಿ. ಮಾಡುತ್ತಿದ್ದ ಇತಿಹಾಸ ವಿಭಾಗಕ್ಕೇ ಸಂಶೋಧನೆಗೆಂದು ಬಂದು ಸೇರಿದರು. "ಐವತ್ತಕ್ಕೆ ಅ ಆ ಇ ಈ" ಎಂದು ಅಣ್ಣ ನಕ್ಕ. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ.

ಅವರು ಹಿಡಿದ ವಿಷಯ ಕೇಳಿದರೇ ಆಕಳಿಕೆ ಬರಬೇಕು. ನೂರು ವರ್ಷದ ಹಿಂದೆ ಸೇತುವೆಯ ಕಂಬದ ಗುರುತು ನೋಡಿ, ದಿನಾ ಬೆಳಗ್ಗೆ ಹೊಳೆಯ ನೀರಿನ ಮಟ್ಟ ಬರೆದಿಡುತ್ತಿದ್ದ ನೌಕರರ ಬದುಕು! ಅವರಲ್ಲೊಬ್ಬ ಹನ್ನೊಂದು ವರ್ಷ ಒಂದು ದಿನವೂ ತಪ್ಪಿಸದೆ ಬರೆದಿದ್ದ. ಅತ್ತಿಗೆ ಅವನನ್ನು 'ನಮ್ಮಾತ' ಎಂದೇ ಕರೆಯುತ್ತಿದ್ದರು. ಪಾತ್ರೆ ತೊಳೆಯುವಾಗಲೂ "ನಮ್ಮಾತ ಜ್ವರ ಬಂದ್ರೂ ಹೋಗ್ತಿದ್ನೇನೋ ಕಣೇ" ಎನ್ನುವರು. ಪ್ರಬಂಧದ ಮುಖ್ಯ ಅಧ್ಯಾಯ ಅವನ ನಿಷ್ಠೆಯ ಮೇಲೆಯೇ ನಿಂತಿತ್ತು.

ಸಲ್ಲಿಸುವ ಗಡುವಿಗೆ ನಾಲ್ಕು ತಿಂಗಳಿದ್ದಾಗ ಅದನ್ನು ನಮ್ಮ ಶುಕ್ರವಾರದ ಕೂಟದ ಮುಂದಿಟ್ಟರು. ಗಡುವು ಮೀರಿದರೆ ನೋಂದಣಿಯೇ ರದ್ದು. ಹತ್ತು ಹನ್ನೆರಡು ಸಂಶೋಧಕರ ಆ ಕೂಟದಲ್ಲಿ ಒಂದು ಕ್ರೂರ ನಿಯಮವಿದೆ. ಮಂಡಿಸಿದವರು ಉತ್ತರ ಕೊಡುವಂತಿಲ್ಲ, ಪ್ರತಿ ಆಕ್ಷೇಪವನ್ನೂ ತಮ್ಮ ಕೈಯಾರೆ ಕರಿಹಲಗೆಯ ಮೇಲೆ ಬರೆಯಬೇಕು. ಕೊನೆಯಲ್ಲಷ್ಟೇ ಬಾಯಿ ಬಿಡಬಹುದು. ನನ್ನ ಸರದಿಯ ದಿನ ನಾನು ಸಿಟ್ಟಿಗೆ ಎರಡು ಸೀಮೆಸುಣ್ಣ ಮುರಿದಿದ್ದೆ.

ಅತ್ತಿಗೆ ನೀರಿನ ಪುಸ್ತಕದ ಎರಡು ಪುಟಗಳ ನಕಲು ಹಂಚಿದ್ದರು, ಒಂದು ವರ್ಷದ್ದು ಮತ್ತು ಮರುವರ್ಷದ ಅದೇ ತಿಂಗಳಿನದು. ಅವರು ಮಾತಾಡುತ್ತಿದ್ದಾಗ ನನ್ನ ಕಣ್ಣು ಸುಮ್ಮನೆ ಒಂದರಿಂದ ಇನ್ನೊಂದಕ್ಕೆ ಓಡಿತು. ಹದಿನಾಲ್ಕು ದಿನಗಳ ಅಂಕಿಗಳು ಎರಡೂ ವರ್ಷ ಒಂದೇ, ಕಾಲಂಗುಲವೂ ಆಚೀಚೆ ಇಲ್ಲ. ಯಾವ ಹೊಳೆಯೂ ಹಾಗೆ ಹರಿಯುವುದಿಲ್ಲ. ನಮ್ಮಾತ ಹೋದ ವರ್ಷದ ಪುಟ ನೋಡಿ ಇಳಿಸಿಬಿಟ್ಟಿದ್ದ.

ಬಾಯಲ್ಲಿ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಸುಮ್ಮನಿದ್ದರೆ ನಾಳೆ ಪರೀಕ್ಷಕರು ಹಿಡಿಯುತ್ತಾರೆ. ಹೇಳಿದರೆ ಮೂರು ವರ್ಷದ ದುಡಿಮೆ ನೀರುಪಾಲು, ಅದೂ ಮನೆಯವಳ ಬಾಯಿಂದ. ಅಷ್ಟರಲ್ಲಿ, ಏನೂ ಓದದೆ ಬಂದಿದ್ದ ಕನ್ನಡಕದವನೊಬ್ಬ "ಸಿದ್ಧಾಂತ ಸಾಲದು" ಎಂದ. ಅವನು ಎಲ್ಲರಿಗೂ ಅದನ್ನೇ ಹೇಳುತ್ತಾನೆ. ಅತ್ತಿಗೆ ಅದನ್ನೂ ವಿಧೇಯವಾಗಿ ಬರೆದುಕೊಂಡರು. ನಾನು ಕೈ ಎತ್ತಿದೆ.

ಎರಡೂ ಪುಟದ ಅಂಕಿಗಳು ಒಂದೇ ಎಂದು ಹೇಳಿ ಮುಗಿಸಿದೆ. ಅತ್ತಿಗೆ ತಮ್ಮ ನಕಲನ್ನೆತ್ತಿಕೊಂಡು, ಹದಿನಾಲ್ಕು ಸಾಲನ್ನೂ ಬೆರಳಿಟ್ಟು ನೋಡಿದರು. ಆಮೇಲೆ ಹಲಗೆಗೆ ತಿರುಗಿ ಗುಂಡಗಿನ ಅಕ್ಷರದಲ್ಲಿ ಬರೆದರು: 'ಹದಿನಾಲ್ಕು ದಿನ ಈತ ಹೊಳೆ ನೋಡಿಲ್ಲ. ನಾನು ಪುಸ್ತಕ ನೋಡಿಲ್ಲ.'

ಎರಡನೆಯ ವಾಕ್ಯ ನಾನು ಹೇಳಿದ್ದಲ್ಲ.

ಮಾತಾಡುವ ಸರದಿ ಬಂದಾಗ ಅವರು ಹೇಳಿದ್ದಿಷ್ಟೇ: "ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟಿಬಿಟ್ಟೆ. ಇನ್ಯಾರಿಗಾದ್ರೂ ಏನಾದ್ರೂ ಕಂಡಿದ್ರೆ ಈಗ್ಲೇ ಹೇಳಿ. ಹಲಗೆ ಮೇಲೆ ಇನ್ನೂ ಜಾಗ ಇದೆ."

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಈ ಹೆಂಗಸು ಎಷ್ಟು ಎತ್ತರದವರೆಂದು ನನಗೆ ಗೊತ್ತಿರಲಿಲ್ಲ. ಮನೆಗೆ ಹೋಗುವಾಗ ಬಸ್ಸಿನಲ್ಲಿ ಕ್ಷಮೆ ಕೇಳಲು ಬಾಯಿ ತೆರೆದೆ. "ಸಾಕು ಸುಮ್ನಿರು" ಎಂದರು. "ನೀನು ಹೇಳ್ದೇ ಇದ್ದಿದ್ರೆ ಈ ಜನ್ಮದಲ್ಲಿ ನಿನ್ನ ಜೊತೆ ಮಾತಾಡ್ತಿರ್ಲಿಲ್ಲ."

ಮರುದಿನವೇ ಕಡತಗಳ ಕೋಣೆ ಹೊಕ್ಕರು. ಎರಡು ತಿಂಗಳು ಧೂಳು ಕುಡಿದು ಹಳೆಯ ಸೇವಾ ನಿಯಮಗಳನ್ನು ಹುಡುಕಿ ತೆಗೆದರು. ಮಟ್ಟ ಬರೆಯುವವನು ಒಂದು ದಿನ ತಪ್ಪಿಸಿದರೂ ಕೆಲಸದಿಂದ ವಜಾ. ಕಾಯಿಲೆಗೆ, ಹೆರಿಗೆಗೆ, ಸಾವಿಗೆ, ಯಾವುದಕ್ಕೂ ರಜೆಯಿಲ್ಲ. ಅಧ್ಯಾಯವನ್ನು ಬುಡದಿಂದ ಹೊಸದಾಗಿ ಬರೆದು ಮತ್ತೆ ಅದೇ ಹಲಗೆಯ ಮುಂದೆ ನಿಂತರು.

"ಹನ್ನೊಂದು ವರ್ಷದಲ್ಲಿ ಆತ ತಗೊಂಡ ಬಿಡುವು ಇಷ್ಟೇ" ಎಂದರು. "ಅದನ್ನೂ ಕದ್ದು ತಗೊಂಡ."

ಕನ್ನಡಕದವನಿಗೂ ಸಿದ್ಧಾಂತ ನೆನಪಾಗಲಿಲ್ಲ. ಹಲಗೆ ಕೊನೆಯವರೆಗೂ ಕಪ್ಪಗೇ ಉಳಿಯಿತು.

ನಾನೋ, ಬುದ್ಧಿವಂತೆ! ಮನೆಯಲ್ಲಿ ಹೇಳಿದೆ, "ಅತ್ತಿಗೆ, ಎಲ್ಲಿಗೆ ಹೋಗಿದ್ದ ಅಂತಾನೂ ಒಂದು ಮಾತು ಸೇರ್ಸಿ. ಮಗು ಹುಟ್ಟಿರಬಹುದು, ಹೆಂಡತಿ ಹಾಸಿಗೆ ಹಿಡಿದಿರಬಹುದು. ಯಾರು ಕೇಳ್ತಾರೆ?"

ಅತ್ತಿಗೆ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟರು. "ನೋಡದೇ ಇರೋದನ್ನ ನೋಡಿದ ಹಾಗೆ ಬರೆದ್ರೆ ನಾನೂ ಅವನೂ ಒಂದೇ ಅಲ್ವೇನೇ? ಅವನಿಗಾದ್ರೂ ಕೆಲಸ ಹೋಗೋ ಭಯ ಇತ್ತು."

ಗಡುವಿಗೆ ಎರಡು ದಿನ ಮೊದಲು ಸಲ್ಲಿಸಿದರು. ಪ್ರಬಂಧದ ಕೊನೆಗೆ ನಮ್ಮಾತನ ನೀರಿನ ಪಟ್ಟಿಯಿದೆ. ಅದರಲ್ಲಿ ಹದಿನಾಲ್ಕು ಸಾಲುಗಳಿಗೆ ಅಂಕಿಗಳಿಲ್ಲ. ಆ ಜಾಗದಲ್ಲಿ, ಇಪ್ಪತ್ತೆರಡು ವರ್ಷ ಆಸ್ಪತ್ರೆಯ ಪುಸ್ತಕದಲ್ಲಿ ಬರೆದ ಹಾಗೆಯೇ, ಅತ್ತಿಗೆ ಹದಿನಾಲ್ಕು ಸಲ ಒಂದೇ ಪದ ಬರೆದಿದ್ದಾರೆ: ರಜೆ.