ಸೋರಿಕೆ ಓದುತ್ತಿದ್ದ ಮಾವ

ಮಾವನವರ ಬಲಗೈಯ ಹೆಬ್ಬೆರಳೂ ತೋರುಬೆರಳೂ ಸದಾ ಒಂದನ್ನೊಂದು ಉಜ್ಜುತ್ತಲೇ ಇರುತ್ತಿದ್ದವು. ಜೀಪಿನ ಅಡಿಯಿಂದ ಬೆರಳಿಗೆ ಬಂದ ಎಣ್ಣೆಯನ್ನು ಹಾಗೆ ಉಜ್ಜಿ, ಮೂಗಿನ ಹತ್ತಿರ ಹಿಡಿದು, ಕಣ್ಣು ಅರ್ಧ ಮುಚ್ಚಿ ತೀರ್ಪು ಕೊಡುತ್ತಿದ್ದರು. ಅಲ್ಲಿಗೇ ನಿಂತಿದ್ದರೆ ನನ್ನದೇನೂ ತಕರಾರಿರಲಿಲ್ಲ. ನಾನು ಮಾಡಿದ ಸಾರಿಗೂ ಅದೇ ಪರೀಕ್ಷೆ. ಊಟಕ್ಕೆ ಬಂದ ನೆಂಟರ ಎದುರಿಗೇ ಸಾರಿನಲ್ಲಿ ಬೆರಳದ್ದಿ, ಉಜ್ಜಿ, ಮೂಸಿ, "ನೀರು ಸೇರಿದೆ" ಎಂದು ತಟ್ಟೆ ಸರಿಸಿದ ಮನುಷ್ಯ ಅವರು. ಇಂಥವರ ಜೊತೆ ನೋಯ್ಡಾದ ಒಂದೇ ಫ್ಲ್ಯಾಟಿನಲ್ಲಿ ಬಾಳಿದ್ದೇನೆ. ಅದಕ್ಕೆ ಯಾರೂ ಪದಕ ಕೊಡುವುದಿಲ್ಲ.

ಕೊಡಗಿನವರು. ಸೈನ್ಯದ ವರ್ಕ್‌ಶಾಪಿನಲ್ಲಿ ಗಾಡಿ ರಿಪೇರಿ ಮಾಡಿಸುತ್ತಾ ಸುಬೇದಾರರಾಗಿ ನಿವೃತ್ತರಾದವರು. ಅತ್ತೆ ತೀರಿಕೊಂಡ ಮೇಲೆ ಒಂದು ಕಬ್ಬಿಣದ ಟ್ರಂಕು ಮತ್ತು ಸೈನ್ಯದ ಹರಾಜಿನಲ್ಲಿ ಕೊಂಡ ಹಳೇ ಜೀಪಿನ ಸಮೇತ ಮಗನ ಮನೆಗೆ ಬಂದರು. ಬಂದ ಮರುದಿನವೇ, ನನ್ನ ಮದುವೆಗೆಂದು ಅಮ್ಮ ಕೊಟ್ಟಿದ್ದ ಬಿಳಿ ಬೆಡ್‌ಶೀಟು ಕಾಣೆಯಾಯಿತು. ಬೇಸ್‌ಮೆಂಟಿಗೆ ಇಳಿದು ನೋಡಿದರೆ ಅದು ಜೀಪಿನ ಹೊಟ್ಟೆಯ ಕೆಳಗೆ ಹಾಸಿಕೊಂಡು ಮಲಗಿತ್ತು.

ಅದು ಅವರ ನಿತ್ಯಪೂಜೆ. ಸಂಜೆ ಹಾಸುವುದು, ಬೆಳಿಗ್ಗೆ ಎಳೆದು ಕಲೆ ಓದುವುದು. ಕಪ್ಪಗಿದ್ದರೆ ಎಂಜಿನ್ನಿನದು. ಹಸಿರಾಗಿ ಸಿಹಿ ವಾಸನೆ ಬಂದರೆ ರೇಡಿಯೇಟರಿನದು. ಕೊಳೆತ ಮೊಟ್ಟೆಯ ಹಾಗೆ ನಾರಿದರೆ ಗೇರ್ ಆಯಿಲ್. ತೆಳ್ಳಗೆ, ಜಾರುವ ಹಾಗಿದ್ದರೆ ಬ್ರೇಕಿನದು, ಅದು ಮಾತ್ರ ಅಪಾಯ. "ಬಾಯಿ ಸುಳ್ಳು ಹೇಳ್ತದೆ, ಬಟ್ಟೆ ಹೇಳೋದಿಲ್ಲ" ಎನ್ನುತ್ತಿದ್ದರು, ನನ್ನ ಬಾಯಿಯ ಕಡೆಗೇ ನೋಡುತ್ತಾ.

ನಮ್ಮ ಸೊಸೈಟಿಯ ಗಂಡಸರನ್ನು ಕಂಡರೆ ಅವರಿಗೆ ಅಸಹ್ಯ. ಈ ಒಂದು ವಿಷಯದಲ್ಲಿ ನಾವಿಬ್ಬರೂ ಒಂದೇ ಪಕ್ಷ. ಮನೆಯಷ್ಟು ದೊಡ್ಡ ಗಾಡಿ, ಮೇಲೊಂದು ಏಣಿ, ಮುಂದೊಂದು ಎಳೆಯುವ ಹಗ್ಗ, ಬಾಗಿಲಿನ ಮೇಲೆ ಬೆಟ್ಟದ ಚಿತ್ರ; ಹೋಗುವುದು ಮಾತ್ರ ಶಾಪಿಂಗ್ ಮಾಲ್‌ಗೆ. "ಇವು ಮಣ್ಣು ನೋಡಿರೋದು ಹೂವಿನ ಕುಂಡದಲ್ಲಿ" ಎಂದು ಮಾವ ಗೊಣಗುತ್ತಿದ್ದರು. ಕೇಳದೆಯೇ ಯಾರದೋ ಗಾಡಿಯ ಮೂಲೆಯನ್ನು ಮೈಭಾರ ಹಾಕಿ ಒತ್ತಿ ಬಿಡುವರು. ಅದು ಒಮ್ಮೆ ಎದ್ದು ಸುಮ್ಮನಾದರೆ ಸರಿ. ಕುಣಿಯುತ್ತಲೇ ಇದ್ದರೆ ಯಜಮಾನನಿಗೆ, "ಶಾಕ್ ಅಬ್ಸಾರ್ಬರ್ ಖತಂ, ಸಾಹಬ್. ಅಬ್ ಸೀಢಿ ಬೇಚೋ" ಎಂದು, ಏಣಿ ಮಾರಿಕೊಳ್ಳಲು ಹೇಳಿ ನಡೆದುಬಿಡುವರು.

ನಾನು ದಿನಾ ಕಾರು ಓಡಿಸಿಕೊಂಡು ಹೋಗಿ ಓಖ್ಲಾದ ಒಂದು ಗಾರ್ಮೆಂಟ್ ಕಂಪನಿಯಲ್ಲಿ ಕ್ವಾಲಿಟಿ ನೋಡುವವಳು. ವಿದೇಶಕ್ಕೆ ಹೋಗುವ ಅಂಗಿಗಳಲ್ಲಿ ಕಲೆ, ಹರಕು ಹುಡುಕುವುದೇ ನನ್ನ ಹೊಟ್ಟೆಪಾಡು. ಮಾವನವರ ಪ್ರಕಾರ ಅದು ಕೆಲಸವೇ ಅಲ್ಲ. "ಗುಂಡಿ ಎಣಿಸೋದಕ್ಕೂ ಡಿಗ್ರಿ ಬೇಕಾ?" ಎಂದು ಕೇಳಿದ್ದರು. ನನಗೂ ಅವರ ಬಗ್ಗೆ ಗೌರವ ಉಕ್ಕಿ ಹರಿಯುತ್ತಿರಲಿಲ್ಲ. ಮಗನಿಗೆ ಒಂದು ಒಳ್ಳೆಯ ಮಾತಾಡಲು ಬಾರದ, ಹಳೇ ಕಬ್ಬಿಣದ ಮುಂದೆ ಮಂಡಿಯೂರುವ ಜಂಬದ ಮುದುಕ, ಅಷ್ಟೇ.

ಹಳೇ ಗಾಡಿಗಳನ್ನು ದಿಲ್ಲಿಯ ಸುತ್ತಮುತ್ತ ಇಟ್ಟುಕೊಳ್ಳುವ ಹಾಗಿಲ್ಲ ಎಂಬ ನಿಯಮ ಬಿಗಿಯಾದಾಗ, ಜೀಪನ್ನು ಬೆಟ್ಟಸೀಮೆಯಾದ ಗಢವಾಲದ ಕಣಿವೆಯಲ್ಲಿದ್ದ ಸೈನ್ಯದ ಹಳೆಯ ಗೆಳೆಯರೊಬ್ಬರಿಗೆ ಕೊಡುವುದೆಂದು ತೀರ್ಮಾನಿಸಿದರು. ತಾವೇ ಓಡಿಸಿಕೊಂಡು ಹೋಗಬೇಕು, ಮೊಮ್ಮಗಳು ಪಕ್ಕದಲ್ಲಿ ಕೂತಿರಬೇಕು. "ತಾತಾ, ಪಹಾಡ್ ಚಲೋ ನಾ!" ಎಂದು ನನ್ನ ಮಗಳು ಕುಣಿದಳು. ನನ್ನ ಗಂಡನಿಗೆ ರಜೆ ಸಿಗದೆ, ನಾನು ಹಿಂದಿನ ಸೀಟಿನಲ್ಲಿ ಬರುವುದೆಂದಾಯಿತು.

ಆದರೆ ಆ ಜೀಪಿಗೆ ಒಂದು ರೋಗವಿತ್ತು. ಬ್ರೇಕ್ ಒತ್ತಿದರೆ ಬಲಕ್ಕೆ ಎಳೆಯುತ್ತಿತ್ತು. ಎಡಗಡೆಯ ಸ್ಪ್ರಿಂಗ್ ಪಟ್ಟಿ ಕುಗ್ಗಿದೆ ಎಂದು ಮಾವ ಪಟ್ಟಿ ಬದಲಿಸಿದರು. ಎಳೆತ ನಿಲ್ಲಲಿಲ್ಲ. ಪಟ್ಟಿ ಕೂರುವ ಬುಷ್ ಸವೆದಿದೆ ಎಂದು ಬುಷ್ ಹಾಕಿದರು. ಆಗಲೂ ನಿಲ್ಲಲಿಲ್ಲ. ಕೊನೆಗೆ ನೋಯ್ಡಾದ ರಸ್ತೆಯೇ ಸೊಟ್ಟ ಎಂದರು.

ಹೊರಡುವ ಹಿಂದಿನ ದಿನ ಬೆಳಿಗ್ಗೆ ಮಗಳ ತಿಂಡಿ ಡಬ್ಬಿ ಜೀಪಿನಲ್ಲಿಡಲು ಇಳಿದೆ. ಮಾವ ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಸುರಿಯುತ್ತಿದ್ದರು. ಹಿಂದಿನ ವಾರವೂ ಸುರಿದದ್ದನ್ನು ನಾನು ನೋಡಿದ್ದೆ. ಬೆಡ್‌ಶೀಟಿನ ಮೇಲೆ ಆ ಜಾತಿಯ ಕಲೆ ಒಂದೂ ಇರಲಿಲ್ಲ.

"ಮಾವ, ಹಾಕಿದ್ದು ಎಲ್ಲಿ ಹೋಗ್ತಾ ಇದೆ?"

"ಎಲ್ಲೂ ಹೋಗಿಲ್ಲ. ಬಟ್ಟೆ ನೋಡು, ಕ್ಲೀನ್ ಉಂಟು."

"ಅದಕ್ಕೇ ಕೇಳ್ತಿರೋದು. ನಮ್ಮಲ್ಲಿ ಸ್ಟೋರಿಗೆ ಬಂದ ಬಟ್ಟೆ ಕಡಿಮೆಯಾಗಿ, ನೆಲದ ಮೇಲೂ ಬಿದ್ದಿಲ್ಲ ಅಂದ್ರೆ, ಒಳಗೇ ಯಾರೋ ಸೊಂಟಕ್ಕೆ ಸುತ್ತಿಕೊಂಡಿದ್ದಾರೆ ಅಂತ ಅರ್ಥ. ಚಕ್ರದ ಒಳಗೆ ನೋಡಿದ್ರಾ?"

"ಓ! ಮೇಡಂ ಈಗ ಜೀಪಿಗೂ ಗುಂಡಿ ಹೊಲೀತಾರೆ."

"ಚಕ್ರ ಬಿಚ್ಚದೇ ನನ್ನ ಮಗಳನ್ನ ಇದರಲ್ಲಿ ಹತ್ತಿಸಲ್ಲ ಮಾವ."

ಅವರ ಮುಖ ಕೆಂಪೇರಿತು. ಪಾರ್ಕಿಂಗಿನಲ್ಲಿ ಗಾಡಿ ಒರೆಸುತ್ತಿದ್ದವರನ್ನೂ ಏಣಿಗಾಡಿಯ ಯಜಮಾನರನ್ನೂ ಕೂಗಿ ಕರೆದರು. ಸೊಸೆಯ ಜಾಣತನ ಎಲ್ಲರೂ ನೋಡಲಿ ಎಂಬುದು ಅವರ ಆಸೆ. ಜ್ಯಾಕ್ ಇಟ್ಟು ಮುಂದಿನ ಎಡಚಕ್ರ ಬಿಚ್ಚಿದರು, ಬ್ರೇಕ್ ಡ್ರಮ್ಮನ್ನು ಸುತ್ತಿಗೆಯಿಂದ ತಟ್ಟಿ ಹೊರಗೆಳೆದರು. ಒಳಗೆಲ್ಲ ಒದ್ದೆ. ಹನಿಹನಿಯಾಗಿ ಸೋರಿದ ಎಣ್ಣೆಯನ್ನು ಧೂಳೂ ಚಕ್ರವನ್ನು ಹಿಡಿದು ನಿಲ್ಲಿಸುವ ಬ್ರೇಕ್ ಶೂವೂ ಹೀರಿಕೊಂಡು, ನೆಲಕ್ಕೆ ತೊಟ್ಟೂ ಬಿಟ್ಟುಕೊಡದೆ ಕಪ್ಪು ಕೆಸರಾಗಿದ್ದವು. ಎಡಚಕ್ರ ಹಿಡಿಯುತ್ತಲೇ ಇರಲಿಲ್ಲ, ಬಲದ್ದು ಮಾತ್ರ ಹಿಡಿಯುತ್ತಿತ್ತು. ಎಳೆತಕ್ಕೂ ಸ್ಪ್ರಿಂಗಿಗೂ ಸಂಬಂಧವೇ ಇರಲಿಲ್ಲ. ಮಾವ ಆ ಕೆಸರನ್ನು ಬೆರಳಲ್ಲಿ ಉಜ್ಜಿದರು. ಮೂಸುವ ಅಗತ್ಯವಿರಲಿಲ್ಲ, ಆದರೂ ಮೂಸಿದರು. ಜನ ಮೆಲ್ಲಗೆ ಚದುರಿದರು.

ಕ್ಷಮೆ, ಪಶ್ಚಾತ್ತಾಪ ಎಂಬ ಪದಗಳು ಅವರ ಟ್ರಂಕಿನಲ್ಲಿ ಇರಲಿಲ್ಲ. "ಎಂತ ನಿಂತು ನೋಡೋದು? ಬಳೆ ತೆಗೆದಿಟ್ಟು ಬಾ. ಇನ್ನೊಂದು ಚಕ್ರ ಬಿಚ್ಚೋದುಂಟು" ಎಂದರು. ದಿಲ್ಲಿಯ ಕಾಶ್ಮೀರಿ ಗೇಟಿನ ಬಿಡಿಭಾಗದ ಅಂಗಡಿಗಳಿಗೆ ಹೋಗಿ ಹೊಸ ಬ್ರೇಕ್ ಶೂ, ರಬ್ಬರ್ ಎಲ್ಲ ತಂದರು. ಸಂಜೆಯವರೆಗೆ ಇಬ್ಬರೂ ನೆಲದ ಮೇಲೆ ಕೂತು ಎಲ್ಲ ಚಕ್ರಗಳನ್ನೂ ಸರಿಮಾಡಿದೆವು. ಕೊಳವೆಯ ಗಾಳಿ ತೆಗೆಯಲು ನಾನು ಬ್ರೇಕ್ ಪೆಡಲ್ ಒತ್ತಿದ ರೀತಿಗೆ ಬೈಗುಳ ತಪ್ಪಲಿಲ್ಲ.

ಮರುದಿನ ಗಢವಾಲದ ಇಳಿಜಾರಿನಲ್ಲಿ, ಒಂದು ತಿರುವು ದಾಟಿದ್ದೇ ತಡ, ರಸ್ತೆಯ ತುಂಬ ಗುಡ್ಡ ಜರಿದ ಕಲ್ಲು. ಬಲಗಡೆ ಏನೂ ಇಲ್ಲ, ಕೆಳಗೆ ನದಿ. ಮಾವ ಬ್ರೇಕ್ ತುಳಿದರು. ಜೀಪು ಈ ಸಲ ಬಲಕ್ಕೆ ಎಳೆಯದೆ, ನೆಟ್ಟಗೆ ನಿಂತಿತು. ನನ್ನ ಮಗಳು ಚಪ್ಪಾಳೆ ತಟ್ಟಿದಳು.

ಮಾವ ಸ್ಟೀರಿಂಗ್ ಹಿಡಿದು, ಬಲಗಡೆಯ ಆ ಖಾಲಿ ಆಳವನ್ನೇ ನೋಡುತ್ತಿದ್ದರು. ಆಮೇಲೆ ಇಳಿದು ಬಂದು, ನನ್ನ ಮುಖ ನೋಡದೆ, "ನೀನು ಓಡಿಸು" ಎಂದರು. ಕಲ್ಲು ತೆರವಾದ ಮೇಲೆ ಉಳಿದ ದಾರಿ ನಾನೇ ಓಡಿಸಿದೆ. ಮತ್ತೆಂದೂ ಅವರು ಯಾವ ಗಾಡಿಯ ಸ್ಟೀರಿಂಗನ್ನೂ ಮುಟ್ಟಲಿಲ್ಲ.

ಕಳೆದ ಚಳಿಗಾಲದಲ್ಲಿ ತೀರಿಹೋದರು. ಸೊಸೈಟಿಯವರು ಬಂದು, ಅಂಕಲ್ ಎಷ್ಟು ಪ್ರೀತಿಯವರು ಎಂದರು. ಸುಳ್ಳು. ಮಾವ ಇವರನ್ನೆಲ್ಲ ಕಾಲ ಕಸಕ್ಕಿಂತ ಕಡೆಯಾಗಿ ಕಂಡಿದ್ದರು, ನನ್ನನ್ನೂ ಹೆಚ್ಚು ಮೇಲೆ ಇಟ್ಟಿರಲಿಲ್ಲ. ಆದರೆ ಹೆಂಗಸು ಹೇಳಿದ್ದಕ್ಕೆ ನಯವಾಗಿ ನಕ್ಕು, "ಏನಾಗಲ್ಲ ಬಿಡಮ್ಮ" ಎಂದು ಗಾಡಿ ಹೊರಡಿಸುವ ಒಳ್ಳೆಯ ಗಂಡಸರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಮಾವ ಒಳ್ಳೆಯವರಾಗಿರಲಿಲ್ಲ. ನನ್ನನ್ನು ಅವಮಾನ ಮಾಡಬೇಕೆಂದೇ ಚಕ್ರ ಬಿಚ್ಚಿದರು. ಬಿಚ್ಚಿದರು, ಅದಕ್ಕೇ ನನಗೆ ಮಗಳಿದ್ದಾಳೆ.