ಟಾರ್ಪಾಲಕ್ಕ ನೋಡದೆ ಬರೆದ ಚೀಟಿ

ಸರಕಿನ ಚೀಟಿ ಬರೆಯುವುದೇನು ಮಹಾ ಕೆಲಸ ಎಂದು ಮೂಗು ಮುರಿಯುವವರಿದ್ದಾರೆ. ಒಂದು ದಿನ ಬಂದು ಕೂತು ಬರೆಯಲಿ, ಗೊತ್ತಾಗುತ್ತದೆ. ಕಳಿಸುವವರು ಯಾರು, ಬಿಡಿಸಿಕೊಳ್ಳುವವರು ಯಾರು, ಮೂಟೆ-ಡಬ್ಬಗಳ ನಗ ಎಷ್ಟು, ತೂಕ ಎಷ್ಟು, ಒಳಗಿರುವುದು ಏನು. ಈ ಕೊನೆಯದನ್ನು ಮಾತ್ರ ಲಾರಿ ಆಫೀಸಿನ ಆ ಹೆಂಗಸು ಯಾರ ಬಾಯಿಮಾತಿನ ಮೇಲೂ ಬರೆಯುತ್ತಿರಲಿಲ್ಲ. ಮಹಡಿಯಿಂದ ಇಳಿದು, ಲಾರಿಯ ಟಾರ್ಪಾಲು ಎತ್ತಿಸಿ, ಕಣ್ಣಾರೆ ಕಂಡ ಮೇಲೆಯೇ ಪೆನ್ನಿನ ಮುಚ್ಚಳ ತೆಗೆಯುವುದು. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಟಾರ್ಪಾಲಕ್ಕ. ಈ ಅಕ್ಕ ಮದುವೆಯ ಗಂಡನ್ನೂ ಟಾರ್ಪಾಲು ಎತ್ತಿಯೇ ನೋಡಿರಬೇಕು ಎಂದು ಹಮಾಲರು ಹಗ್ಗ ಬಿಚ್ಚುತ್ತ ಗೊಣಗುತ್ತಿದ್ದರು. ಹಾಗೆ ನೋಡಿದ್ದರೆ ಒಪ್ಪುತ್ತಲೇ ಇರಲಿಲ್ಲ ಬಿಡಿ ಎಂದು ಅವಳೂ ನಗುತ್ತಿದ್ದಳು.

ಈಚೆಗೆ ಆ ನಗು ಬತ್ತಿತ್ತು. ಮನೆಯಲ್ಲಿ ಅತ್ತೆ ಹಾಸಿಗೆ ಹಿಡಿದಿದ್ದರು. ಬೆಳಿಗ್ಗೆ ಅವರ ಮೈ ಒರೆಸಿ, ಉಣಿಸಿ, ಮಗ್ಗುಲು ಬದಲಿಸಿ ಬರುವಷ್ಟರಲ್ಲೇ ಇವಳ ಅರ್ಧ ಜೀವ ಹೋಗಿರುತ್ತಿತ್ತು. ಮಂಡಿ ಬೇರೆ ಹಿಡಿದುಕೊಂಡಿತ್ತು. ಆಫೀಸಿನ ಕಬ್ಬಿಣದ ಮೆಟ್ಟಿಲು ಕಂಡರೆ ಅಳುವೇ ಬರುತ್ತಿತ್ತು.

ಆವತ್ತು ಕೆಳಗೆ ನಿಂತಿದ್ದದ್ದು ಅವಳ ತಮ್ಮನದೇ ಲಾರಿ. ಬಣ್ಣದಂಗಡಿಯ ಮಾಲು. ವರ್ಷಗಳಿಂದ ಅದೇ ಅಂಗಡಿ, ಗೋಡೆಗೆ ಬಳಿಯುವ ಅದೇ ನೀರುಬಣ್ಣದ ಡಬ್ಬಗಳು. ಅಂಗಡಿಯವನು ಕಳಿಸಿದ್ದ ತುಂಡು ಕಾಗದದಲ್ಲಿ ‘ಡಬ್ಬಗಳು, ಎಂದಿನಂತೆ’ ಎಂದಷ್ಟೇ ಇತ್ತು. ಟಾರ್ಪಾಲು ಆಗಲೇ ಬಿಗಿದಾಗಿತ್ತು. ಹಿಂಬಾಗಿಲ ಕೊಂಡಿ ಮುರಿದಿದೆ, ದಾರಿಯಲ್ಲಿ ವೆಲ್ಡಿಂಗ್ ಮಾಡಿಸಿಕೊಳ್ಳಬೇಕು, ಬೇಗ ಬಿಡು ಎಂದು ತಮ್ಮ ಕೆಳಗಿನಿಂದಲೇ ಕೂಗಿ ಹೇಳಿದ. ಅವಳು ಮೆಟ್ಟಿಲನ್ನು ನೋಡಿದಳು, ಮಂಡಿಯನ್ನು ನೋಡಿಕೊಂಡಳು. ಹಾಳಾಗಿ ಹೋಗಲಿ ಎಂದು ಹಿಂದಿನ ಚೀಟಿ ನೋಡಿ ‘ಗೋಡೆ ಬಣ್ಣ’ ಎಂದು ಬರೆದು ಮೊಹರು ಒತ್ತಿ ಹಮಾಲನ ಕೈಯಲ್ಲಿ ಕೆಳಗೆ ಕಳಿಸಿದಳು. ಲಾರಿ ಹೊರಟಿತು.

ಚಹಾ ಬಂತು. ಲೋಟ ತುಟಿಯ ಹತ್ತಿರ ತಂದಾಗ ಮೂಗಿಗೆ ಘಾಟು ಹೊಡೆಯಿತು. ಚಹಾದ್ದಲ್ಲ, ಬೆರಳಿನದು. ಬೆರಳಿಗೆ ಆ ತುಂಡು ಕಾಗದದಿಂದ ಹತ್ತಿದ್ದು. ಕಾಗದವನ್ನೇ ಎತ್ತಿ ಮೂಸಿದಳು. ನೀರುಬಣ್ಣಕ್ಕೆ ಇಂಥ ವಾಸನೆ ಎಲ್ಲಿಯದು? ಇದು ಎಣ್ಣೆಬಣ್ಣ ತೆಳುಮಾಡುವ ಥಿನ್ನರ್. ಹತ್ತಿಕೊಳ್ಳಲು ಒಂದು ಕಿಡಿ ಸಾಕು. ವೆಲ್ಡಿಂಗ್ ಮಾತು ನೆನಪಾಗಿ ಅವಳು ಲೋಟ ಕೆಳಗಿಟ್ಟಳು.

ಫೋನ್ ಮಾಡಿದಳು. ತಮ್ಮ ಎತ್ತಲಿಲ್ಲ. ಎತ್ತುವುದಾದರೂ ಹೇಗೆ? ಗಾಡಿ ಓಡಿಸುವಾಗ ಫೋನ್ ಮುಟ್ಟಬಾರದು ಎಂದು ಅಮ್ಮನ ಮೇಲೆ ಆಣೆ ಮಾಡಿಸಿಕೊಂಡವಳು ಇವಳೇ. ಅವನು ಎತ್ತಿದನೆಂದರೆ ಗಾಡಿ ನಿಂತಿದೆ, ನಿಂತಿದೆಯೆಂದರೆ ಅದು ವೆಲ್ಡಿಂಗ್ ಅಂಗಡಿಯೇ. ಎತ್ತೋ ನನ್ನಪ್ಪ ಎಂದೂ, ಈಗಲೇ ಎತ್ತಬೇಡವೋ ಎಂದೂ ಒಟ್ಟೊಟ್ಟಿಗೇ ಬೇಡಿಕೊಳ್ಳುತ್ತ ಮತ್ತೆ ಮತ್ತೆ ಮಾಡಿದಳು.

ಕೊನೆಗೆ ಎತ್ತಿದ.

“ಕಿಡಿ ಹಾರಿಸಬೇಡ ಅನ್ನು ಆ ವೆಲ್ಡಿಂಗಿನವನಿಗೆ,” ಎಂದಳು. “ಮೊದಲು ಅವನ ಕೈ ಹಿಡ್ಕೋ. ಆಮೇಲೆ ಟಾರ್ಪಾಲು ಎತ್ತಿ ನೋಡು.”

ಆ ಕಡೆ ತಮ್ಮ ಯಾರನ್ನೋ ಗದರಿದ್ದು, ಹಗ್ಗ ಎಳೆದದ್ದು ಕೇಳಿಸಿತು.

“ಕೆಳಗಿನ ಸಾಲು ಪೂರ್ತಿ ಥಿನ್ನರ್ ಅಕ್ಕ. ಒಂದು ಡಬ್ಬ ಸೋರ್ತಿದೆ.”

ಅವಳು ಕುರ್ಚಿ ಎಳೆದುಕೊಂಡು ಕುಳಿತಳು. ಹೆದರಿಕೆ ಇಳಿದ ಮೇಲೆ ಬರುವ ಸಿಟ್ಟು ಬಂತು. ಅಷ್ಟು ಘಾಟು ನಿನ್ನ ಮೂಗಿಗೆ ಬಡಿಯಲಿಲ್ಲವೇನೋ ಎಂದು ಬೈದಳು.

“ಬಡೀತು ಅಕ್ಕ,” ಎಂದ ತಮ್ಮ. “ಗೇಟಲ್ಲೇ ಚೀಟಿ ತೆಗೆದು ನೋಡ್ದೆ. ಗೋಡೆ ಬಣ್ಣ ಅಂತ ನೀನೇ ಬರ್ದಿದ್ದೆ. ನನ್ನ ಮೂಗೇ ಕೆಟ್ಟಿರಬೇಕು ಅಂದ್ಕೊಂಡು ಸುಮ್ಮನಾದೆ.”

ಗಾಡಿಯನ್ನು ದೂರ ಬಯಲಿನಲ್ಲಿ ನಿಲ್ಲಿಸು, ಸರಿಯಾದ ಚೀಟಿ ಕಳಿಸುತ್ತೇನೆ ಎಂದಷ್ಟೇ ಹೇಳಿ ಫೋನ್ ಇಟ್ಟಳು.

ಕೆಳಗೆ ಇನ್ನೊಂದು ಲಾರಿ ಬಂದು ನಿಂತಿತ್ತು. ನೀವು ಇಳಿಯೋದು ಬೇಡಕ್ಕ, ಎಂದಿನ ಮಾಲೇ ಎಂದು ಹಮಾಲನೊಬ್ಬ ಕನಿಕರದಿಂದಲೇ ಕೂಗಿ ಹೇಳಿದ. ಅವಳು ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿಯತೊಡಗಿದಳು.