ತೂಕದಮ್ಮನ ನಾಲ್ಕು ಕಿಲೋ

ದೋಣಿ ರಿಪೇರಿ ಅಂಗಳದಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ‘ತೂಕದಮ್ಮ’ ಎಂದರೆ ಸಾಕು, ನಿಂತ ಪಿಕಪ್ ಟ್ರಕ್ಕಿನ ಕಿಟಕಿಯಿಂದ ನರೆತ ತಲೆಯೊಂದು ಹೊರಗೆ ಬರುತ್ತದೆ. ಆ ಮಧ್ಯಮ ಗಾತ್ರದ ಪಿಕಪ್ಪಿಗೆ ಟ್ರೇಲರ್ ಕಟ್ಟಿ ದೋಣಿಗಳನ್ನು ಸರೋವರದ ದಡಕ್ಕೆ ಎಳೆದೊಯ್ಯುವುದು ಹತ್ತೊಂಬತ್ತು ವರ್ಷಗಳಿಂದ ಅವರ ಕೆಲಸ. ಈವರೆಗೆ ಒಂದು ದೋಣಿಗೂ ಗೀರು ಬಿದ್ದಿಲ್ಲ.

ಮೊದಲು ಅವರು ಅಲ್ಲಿ ರಸೀದಿ ಬರೆಯುತ್ತಿದ್ದರು. ಒಂದು ಬೆಳಿಗ್ಗೆ ಆಗಿನ ಚಾಲಕ ಸಾಮಾನನ್ನೆಲ್ಲ ದೋಣಿಯ ಹಿಂಭಾಗಕ್ಕೇ ತುಂಬಿಕೊಂಡು, “ಏನೂ ಆಗಲ್ಲ ಬಿಡಿ” ಎಂದು ಹೊರಟ. ಇಳಿಜಾರಿನಲ್ಲಿ ಟ್ರೇಲರ್ ಎಡಕ್ಕೂ ಬಲಕ್ಕೂ ಓಲಾಡತೊಡಗಿತು. ಗಾಬರಿಬಿದ್ದವನು ಬ್ರೇಕ್ ಒತ್ತಿದ. ದೋಣಿ ನೀರು ಕಾಣುವ ಮೊದಲು ಚರಂಡಿ ಕಂಡಿತು. ಅವನು ಕೆಲಸ ಬಿಟ್ಟ. ಇವರು ಟ್ರಕ್ಕಿನ ಕೈಪಿಡಿಯನ್ನು ಮನೆಗೆ ಒಯ್ದು ರಟ್ಟಿನಿಂದ ರಟ್ಟಿಗೆ ಓದಿದರು.

ಓದಿ ತಿಳಿದದ್ದು ಇಷ್ಟು. ಟ್ರೇಲರಿನ ಮೂತಿ ಟ್ರಕ್ಕಿನ ಕೊಂಡಿಯ ಮೇಲೆ ಒತ್ತುವ ಭಾರ, ದೋಣಿ ಸೇರಿದ ಒಟ್ಟು ಭಾರದ ಹತ್ತರಲ್ಲೊಂದು ಪಾಲಾದರೂ ಇರಬೇಕು. ಕಡಿಮೆಯಾದರೆ ಟ್ರೇಲರ್ ಓಲಾಡುತ್ತದೆ. ಕೊಂಡಿಯ ಮಿತಿ ಮೀರಿದರೆ ಟ್ರಕ್ಕಿನ ಹಿಂಭಾಗ ಕುಕ್ಕರಿಸಿ, ಮುಂದಿನ ಚಕ್ರಗಳ ಹಿಡಿತ ತಪ್ಪುತ್ತದೆ.

ಅಳೆಯಲು ಅವರು ಮನೆಯ ಬಚ್ಚಲಿನಿಂದ ಮನುಷ್ಯರ ತೂಕ ನೋಡುವ ಮಷಿನ್ ತಂದರು. ಅದರ ಮುಳ್ಳು ನೂರಿಪ್ಪತ್ತು ಕಿಲೋ ದಾಟುವುದಿಲ್ಲ. ಅದಕ್ಕೂ ಉಪಾಯವಿತ್ತು. ಹಗುರವಾದ ಮೂರಡಿ ಹಲಗೆಯ ಒಂದು ತುದಿಯನ್ನು ಇಟ್ಟಿಗೆಯ ಮೇಲೆ, ಇನ್ನೊಂದನ್ನು ಮಷಿನ್ನಿನ ಮೇಲೆ ಇಡುವುದು. ಟ್ರೇಲರಿನ ಮೂತಿಯನ್ನು ಇಟ್ಟಿಗೆಯಿಂದ ಒಂದಡಿ ದೂರದಲ್ಲಿ ಹಲಗೆಯ ಮೇಲೆ ಇಳಿಸುವುದು. ಮಷಿನ್ನಿಗೆ ಮೂರರಲ್ಲೊಂದು ಪಾಲು ಭಾರ ಬೀಳುತ್ತದೆ. ಮುಳ್ಳು ತೋರಿಸಿದ್ದನ್ನು ಮೂರರಿಂದ ಗುಣಿಸಿದರೆ ಆಯಿತು.

ವಾರವಿಡೀ ಅಂಗಳದಲ್ಲಿ ದುಡಿಯುವ ಆ ಮಷಿನ್ ಭಾನುವಾರ ಮಾತ್ರ ಮನೆಗೆ ಹೋಗುತ್ತಿತ್ತು. ಅಂದು ಅದರ ಮೇಲೆ ತೂಕದಮ್ಮನೇ ಹತ್ತಬೇಕು. ಅವರ ಗಂಡ ನಲವತ್ತು ವರ್ಷ ಔಷಧಿ ಅಂಗಡಿ ನಡೆಸಿದವರು. ಹೆಂಡತಿಯ ಮಂಡಿನೋವಿಗೆ ಅವರು ಬರೆದ ಕಾನೂನು ಒಂದೇ: ಮುಳ್ಳು ಎಪ್ಪತ್ತರೊಳಗೆ ನಿಂತರೆ ಚಹಾಕ್ಕೆ ಎರಡು ಚಮಚ ಸಕ್ಕರೆ, ದಾಟಿದರೆ ಸೊನ್ನೆ. ಐದು ತಿಂಗಳು ಸಪ್ಪೆ ಚಹಾ ಕುಡಿದ ತೂಕದಮ್ಮ, ಆರು ವಾರದ ಕೆಳಗೆ ಮಷಿನ್ನಿನ ಹೊಟ್ಟೆಯಡಿಯ ತಿರುಪನ್ನು ಚೂರೇ ಚೂರು ತಿರುಗಿಸಿದರು. ಮುಳ್ಳು ಸೊನ್ನೆಗಿಂತ ನಾಲ್ಕು ಗೆರೆ, ಅಂದರೆ ನಾಲ್ಕು ಕಿಲೋ, ಹಿಂದೆ ಸರಿದು ನಿಂತಿತು. ಖಾಲಿ ಮಷಿನ್ನನ್ನು ಯಾರು ನೋಡುತ್ತಾರೆ?

ದೋಣಿಗಳಿಗೆ ಮಾತ್ರ ಅವರು ಮೋಸ ಮಾಡಲಿಲ್ಲ. ಟ್ರೇಲರ್ ತೂಗುವಾಗಲೆಲ್ಲ ಮನಸ್ಸಿನಲ್ಲೇ ನಾಲ್ಕು ಕೂಡಿಸಿಕೊಂಡು ಗುಣಿಸುತ್ತಿದ್ದರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಿತು, ಲೆಕ್ಕವೂ ತಪ್ಪಲಿಲ್ಲ.

ಆದರೆ ಮಂಡಿಗೆ ಶಸ್ತ್ರಚಿಕಿತ್ಸೆ ನಿಗದಿಯಾಯಿತು. ಮೂರು ತಿಂಗಳು ಟ್ರಕ್ಕಿನ ಕೀಲಿಕೈ ಅಳಿಯನಿಗೆ ಹೋಗಬೇಕು. ಅವನು ಅದೇ ಅಂಗಳದ ಎಂಜಿನ್ ಮೆಕ್ಯಾನಿಕ್. “ಕೊಡ್ತೀನಪ್ಪ, ಪರೀಕ್ಷೆ ಪಾಸಾದ್ರೆ,” ಎಂದರು ಅತ್ತೆ.

ಪರೀಕ್ಷೆಯ ದಿನ ಮಾವನವರೂ ಚಹಾದ ಫ್ಲಾಸ್ಕ್ ಹಿಡಿದು, ಪತ್ರಿಕೆ ಬಿಡಿಸಿಕೊಂಡು, ಕುರ್ಚಿ ಹಾಕಿ ಕೂತರು. ಟ್ರೇಲರ್, ಅದರ ಮೇಲಿದ್ದ ದೋಣಿ ಎಲ್ಲ ಸೇರಿ ಸಾವಿರದ ನಾನೂರು ಕಿಲೋ. ಅಳಿಯ ಟೈರಿನ ಗಾಳಿ ನೋಡಿದ, ಪಟ್ಟಿಗಳನ್ನು ಬಿಗಿದ, ದೋಣಿಯ ತಳದ ಬಿರಡೆ ಮುಟ್ಟಿ ನೋಡಿದ. ಮಷಿನ್, ಹಲಗೆ, ಇಟ್ಟಿಗೆ ಜೋಡಿಸಿ ಮೂತಿ ಇಳಿಸಿದ.

“ಐವತ್ತೊಂದು! ಮೂರರಿಂದ ಗುಣಿಸಿದ್ರೆ ನೂರೈವತ್ಮೂರು. ನೂರನಲವತ್ತಕ್ಕಿಂತ ಹೆಚ್ಚು, ಕೊಂಡಿಯ ಮಿತಿ ನೂರರವತ್ತಕ್ಕಿಂತ ಕಮ್ಮಿ. ಕಟ್ಲಾ ಅತ್ತೆ?”

ತೂಕದಮ್ಮ ನಾಲ್ಕು ಕೂಡಿಸಿದರು. ಐವತ್ತೈದು. ನೂರರವತ್ತೈದು.

“ಇರಪ್ಪ. ದೋಣಿ ಮುಂದ್ಗಡೆ ಇರೋ ಆ ಲಂಗರಿನ ಪೆಟ್ಟಿಗೆ ಒಂದಿಷ್ಟು ಹಿಂದಕ್ಕೆ ಸರಿಸು.”

“ಯಾಕೆ?”

“ಸರಿಸು ಅಂದ್ರೆ ಸರಿಸು.”

“ಕಾರಣ ಇಲ್ದೆ ಕಡ್ಡಿನೂ ಕದಲಿಸ್ಬೇಡ ಅಂತ ಹೇಳ್ಕೊಟ್ಟೋರು ನೀವೇ ಅಲ್ವಾ? ಅಂಕಿ ಹೇಳಿ, ಸರಿಸ್ತೀನಿ.”

“ಯಾಕೋ ಭಾರ ಚೂರು ಜಾಸ್ತಿ ಅನ್ಸುತ್ತೆ.”

“‘ಅನ್ಸುತ್ತೆ’ ಅನ್ನೋ ಮಾತು ಇಲ್ಲಿ ನಡೆಯಲ್ಲ ಅಂತ ಗೋಡೆ ಮೇಲೆ ಬರೆಸಿದ್ದೂ ನೀವೇ.”

“ಹೌದಲ್ಲ,” ಎಂದರು ಮಾವ, ಪತ್ರಿಕೆಯ ಹಿಂದಿನಿಂದ. “ಅಂಕಿ ಹೇಳು.”

ಬಾಯಲ್ಲಿ ಬಿಸಿ ತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. ಐದೇ ಕಿಲೋ ಹೆಚ್ಚು. ಏನೂ ಆಗಲ್ಲ ಬಿಡು, ಎಂದಿತು ಮನಸ್ಸು. ಹಾಗೆ ಅಂದುಕೊಂಡ ಕೂಡಲೇ ಆ ಹಳೆಯ ಚಾಲಕನ ದನಿ ಕೇಳಿಸಿತು, ಚರಂಡಿಯೂ ಕಾಣಿಸಿತು. ಇಳಿಜಾರಿನಲ್ಲಿ ಸ್ಟೀರಿಂಗ್ ಹಿಡಿಯುವವನು ಮಗಳ ಗಂಡ. ಸಕ್ಕರೆ ಎರಡೇ ಚಮಚ.

“ಮಷಿನ್ನು ನಾಲ್ಕು ಕಿಲೋ ಕಮ್ಮಿ ತೋರ್ಸುತ್ತೆ,” ಎಂದುಬಿಟ್ಟರು.

“ಯಾವಾಗಿಂದ?”

“ಆರು ವಾರದಿಂದ.”

ಪತ್ರಿಕೆ ಮೆಲ್ಲಗೆ ಮಡಚಿಕೊಂಡಿತು. “ಆರು ವಾರ,” ಎಂದರು ಮಾವ. “ನೀನು ಎಪ್ಪತ್ತರೊಳಗೆ ಬಂದೂ ಆರು ವಾರ ಆಯ್ತಲ್ಲ! ಹಾಗಾದ್ರೆ ಮೊನ್ನೆಯ ಅರವತ್ತೊಂಬತ್ತು…”

“ಎಪ್ಪತ್ಮೂರು. ಮೂರರಿಂದ ಗುಣಿಸೋಕೆ ಹೋಗ್ಬೇಡಿ.”

ಅಳಿಯ ಟ್ರೇಲರ್ ಹಿಡಿದುಕೊಂಡು ನಗತೊಡಗಿದ. “ಹತ್ತೊಂಬತ್ತು ವರ್ಷಕ್ಕೆ ಅತ್ತೆ ಸಿಕ್ಕಿಬಿದ್ರು!”

“ನಗ್ಬೇಡ. ಮೂತಿ ಇಳಿಸೋ ಮೊದ್ಲು ಖಾಲಿ ಮಷಿನ್ನಿನ ಮುಳ್ಳು ಸೊನ್ನೆ ಮೇಲಿದ್ಯಾ ಅಂತ ನೋಡಿದ್ಯಾ? ಇಲ್ಲ. ಫೇಲ್.”

“ಅದನ್ನ ಇಷ್ಟು ದಿನ ನಾನೂ ನೋಡ್ಲಿಲ್ಲ,” ಎಂದು ಮಾವ ಗೊಣಗಿದರು. “ನಾನೂ ಫೇಲ್.”

ಮೂತಿಯನ್ನು ಮತ್ತೆ ಎತ್ತಿದರು. ಮಾವನವರೇ ಮೊಣಕಾಲೂರಿ, ಕನ್ನಡಕ ಏರಿಸಿ, ತಿರುಪನ್ನು ತಿರುಗಿಸಿ ಮುಳ್ಳನ್ನು ಸೊನ್ನೆಗೆ ತಂದರು. ಟ್ರೇಲರಿನ ಮೂತಿಯಿಂದ ಚಕ್ರಗಳ ಅಚ್ಚಿಗೆ ನಾಲ್ಕು ಮೀಟರ್. ಇಪ್ಪತ್ತನಾಲ್ಕು ಕಿಲೋದ ಲಂಗರಿನ ಪೆಟ್ಟಿಗೆಯನ್ನು ಎರಡು ಮೀಟರ್ ಹಿಂದಕ್ಕೆ ಒಯ್ದರೆ ಮೂತಿಯ ಭಾರ ಹನ್ನೆರಡು ಕಿಲೋ ಇಳಿಯುತ್ತದೆ ಎಂದು ಅಳಿಯ ತಾನೇ ಲೆಕ್ಕ ಹೇಳಿದ. ಪೆಟ್ಟಿಗೆ ಸರಿಸಿ ಬಿಗಿದು, ಖಾಲಿ ಮುಳ್ಳನ್ನು ಎರಡು ಸಲ ನೋಡಿ, ಮೂತಿ ಇಳಿಸಿದ. ಐವತ್ತೊಂದು. ಮೊದಲಿನ ಅಂಕಿಯೇ, ಆದರೆ ಈ ಸಲ ಯಾರೂ ಏನೂ ಕೂಡಿಸಬೇಕಾಗಿರಲಿಲ್ಲ.

ಮೂತಿ ಕೊಂಡಿಯ ಮೇಲೆ ಕೂತಿತು. ಅದರ ಕೆಳಗೆ ಸರಪಳಿಗಳನ್ನು ಒಂದಕ್ಕೊಂದು ಅಡ್ಡ ಹಾಯಿಸಿದ್ದಾಯಿತು, ಹಿಂದಿನ ದೀಪಗಳು ಹತ್ತಿದವು. ತೂಕದಮ್ಮ ಕೀಲಿಕೈಯನ್ನು ಅಳಿಯನ ಅಂಗೈಗೆ ಹಾಕಿ, ಪಕ್ಕದ ಸೀಟಿಗೆ ಹತ್ತಿದರು.

“ಅತ್ತೆ, ನೀವು ಕೂತಿದ್ದಕ್ಕೆ ಎಷ್ಟು ಕಿಲೋ ಅಂತ ಬರ್ಕೊಳ್ಲಿ?”

“ರಸ್ತೆ ನೋಡೋ.”

ಮಾವ ಮಷಿನ್ನನ್ನು ಕಂಕುಳಲ್ಲಿ ಇರುಕಿಕೊಂಡು ಕಿಟಕಿಗೆ ಬಂದರು. “ನಾಳೆಯಿಂದ ಸಕ್ಕರೆ ಬಂದ್,” ಎಂದು ತೀರ್ಪು ಕೊಟ್ಟರು.

“ಆಗ್ಲಿ,” ಎಂದರು ತೂಕದಮ್ಮ, ಬಲು ಸಾಧುವಾಗಿ.

ಟ್ರಕ್ ಗೇಟು ದಾಟಿ, ಹಿಂದಿನ ದೋಣಿ ಚೂರೂ ಅಲುಗದೆ ತಿರುವು ಹಾಯ್ದ ಮೇಲೆ ಮಾವ ಕುರ್ಚಿಗೆ ಮರಳಿದರು. ಫ್ಲಾಸ್ಕ್ ಎತ್ತಿದರೆ ಹಗುರವಾಗಿತ್ತು. ಅವರು ಮುಳ್ಳು ಸರಿಪಡಿಸುತ್ತ ಬಗ್ಗಿದ್ದಾಗ, ಎರಡು ಚಮಚ ಸಕ್ಕರೆಯ ಕೊನೆಯ ಚಹಾ ತೂಕದಮ್ಮನ ಹೊಟ್ಟೆಯ ದಾರಿ ಹಿಡಿದಿತ್ತು.